ಬುಟ್ಟಿ ಅವಳದು, ಪಹಣಿ ಯಾರದು?

2026ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷ ಅಂತ ಘೋಷಿಸಿದೆ. ಘೋಷಣೆ ಆದ ಮೇಲೆ ಕಾರ್ಯಕ್ರಮ ಆಗಲೇಬೇಕಲ್ಲ. ನಮ್ಮ ಉತ್ತರ ಕನ್ನಡದಲ್ಲಿ ಇಂಥ ಕಾರ್ಯಕ್ರಮಕ್ಕೆ ಒಂದು ಮಾಮೂಲಿ ರೂಪ ಇದೆ. ಹಿಂದೆ ಬ್ಯಾನರು, ವೇದಿಕೆ ಮೇಲೆ ಏಳೆಂಟು ಗಂಡಸರು, ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಾಲಕ್ಕಿ, ಸಿದ್ದಿ ಇಲ್ಲವೇ ಕುಣಬಿ ಸಮುದಾಯದ ಹೆಂಗಸರು. ವಿಷಯ ಬಹುತೇಕ ತರಕಾರಿ ಕೃಷಿ. ಕೊನೆಗೆ ಒಂದು ಪೊಟ್ಟಣ ಬೀಜ, ಊಟ, ಫೋಟೋ.

ತರಬೇತಿ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಕರಾವಳಿಯಲ್ಲಿ ತರಕಾರಿ ಬೆಳೆಯೋದು ಹೇಗೆ ಅಂತ ಹಾಲಕ್ಕಿ ಹೆಂಗಸಿಗೆ ಹೇಳಿಕೊಡಲು ಹೊರಡುವುದು ಸ್ವಲ್ಪ ತಮಾಷೆಯೇ. ಅಂಕೋಲೆ, ಗೋಕರ್ಣ, ಕುಮಟೆ ಪೇಟೆಯ ಅರ್ಧ ಜನ ಅವರು ಬೆಳೆದ ಹರಿವೆ, ಬಸಳೆ ತಿಂದೇ ದೊಡ್ಡವರಾದವರು. ಈ ಹೆಂಗಸರಿಗೆ ಬೆಳೆಯಲು ಬರುತ್ತದೆ. ಬೆಳೆದದ್ದರ ದುಡ್ಡು ಅವರ ಕೈಗೆ ಬರುತ್ತದೋ ಇಲ್ಲವೋ ಅನ್ನೋದು ಬೇರೆ ಎರಡು ಸಂಗತಿಗಳ ಮೇಲೆ ನಿಂತಿದೆ. ನೆಲ ಯಾರ ಹೆಸರಲ್ಲಿದೆ, ಮಾಲು ಯಾರ ಕೈಯಿಂದ ಮಾರಾಟವಾಗುತ್ತದೆ. ಉಳಿದ ಯೋಜನೆಗಳೆಲ್ಲ ಈ ಎರಡರ ನಂತರದ ಮಾತು.

ಮೊದಲು ಯಾರ ಬಗ್ಗೆ ಮಾತಾಡುತ್ತಿದ್ದೇವೆ ಅಂತ ನೋಡೋಣ. 'ಆದಿವಾಸಿ ಮಹಿಳೆ' ಅಂತ ಒಟ್ಟಿಗೆ ಹೇಳಿಬಿಟ್ಟರೆ ನಮ್ಮ ಜಿಲ್ಲೆಯ ವಿಚಾರದಲ್ಲಿ ಲೆಕ್ಕ ತಪ್ಪುತ್ತದೆ. ಕಾರವಾರದಿಂದ ಹೊನ್ನಾವರದವರೆಗೆ ಕರಾವಳಿಯ ಕೊಪ್ಪಗಳಲ್ಲಿ, ಅಂದರೆ ಸಣ್ಣ ಕೇರಿಗಳಲ್ಲಿ, ಹಾಲಕ್ಕಿ ಒಕ್ಕಲಿಗರು. ಘಟ್ಟದ ಮೇಲೆ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿಗಳು, ಅಂಕೋಲೆಯ ಕಾಡಂಚಲ್ಲೂ ಇದ್ದಾರೆ. ಜೋಯಿಡಾದಲ್ಲಿ ಕುಣಬಿಗಳು. ಹಾಲು, ಬೆಣ್ಣೆ ನಂಬಿದ ಗೌಳಿಗಳು ಬೇರೆ. ಇವರಲ್ಲಿ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅದೇ 2003ರಲ್ಲಿ ಗೋವಾದ ಕುಣಬಿಗಳಿಗೂ ಆ ಸ್ಥಾನ ಸಿಕ್ಕಿತು. ಗಡಿಯ ಈಚೆ ಜೋಯಿಡಾದ ಕುಣಬಿಗಳಿಗೆ ಸಿಗಲಿಲ್ಲ. ಅತ್ತ ಕಾಣಕೋಣದಲ್ಲಿ ತವರು, ಇತ್ತ ಜೋಯಿಡಾದಲ್ಲಿ ಗಂಡನ ಮನೆ ಅಂದರೆ ಒಬ್ಬಳೇ ಹೆಂಗಸು ರಾಜ್ಯದ ಗಡಿ ದಾಟಿದ್ದಕ್ಕೆ ಸರ್ಕಾರದ ಕಣ್ಣಲ್ಲಿ ಬೇರೆ ಆಗುತ್ತಾಳೆ. ಹಾಲಕ್ಕಿಗಳದ್ದೂ ದಶಕಗಳ ಬೇಡಿಕೆ, ಇನ್ನೂ ಹಿಂದುಳಿದ ವರ್ಗಗಳ ಪಟ್ಟಿಯಲ್ಲೇ ಇದ್ದಾರೆ. ಹಾಡಿನ ಸುಕ್ರಜ್ಜಿ, ಅಂದರೆ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಇಬ್ಬರೂ ಈಗಿಲ್ಲ. ದೆಹಲಿ ತನಕ ಹೋಗಿ ಪ್ರಶಸ್ತಿ ತಂದ ಸಮುದಾಯ ಪಟ್ಟಿಯಲ್ಲಿ ಮಾತ್ರ ಇದ್ದಲ್ಲೇ ಇದೆ.

ಪಟ್ಟಿ ಯಾಕೆ ಮುಖ್ಯ ಅಂತ ಕೇಳಬಹುದು. ರಾಜ್ಯದ 2013ರ ಕಾಯ್ದೆ ಪ್ರಕಾರ ಅಭಿವೃದ್ಧಿ ಬಜೆಟ್ಟಿನ ಶೇ 24.1ರಷ್ಟು ಹಣ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲು. ಗಂಗಾ ಕಲ್ಯಾಣದ ಕೊಳವೆಬಾವಿಯಿಂದ ಹಿಡಿದು ಸಹಾಯಧನದ ಪಂಪ್‌ಸೆಟ್ ತನಕ ಆ ದಾರಿಯಲ್ಲಿ ಬರುವುದು ಬಹಳ. ಸಿದ್ದಿ ಹೆಂಗಸು ಕನಿಷ್ಠ ಅರ್ಜಿ ಹಾಕಬಹುದು. ಹಾಲಕ್ಕಿ, ಕುಣಬಿ ಹೆಂಗಸರಿಗೆ ಈ ಮೀಸಲು ಹಣಕ್ಕೆ ಅರ್ಜಿ ಹಾಕುವ ದಾರಿಯೇ ಇಲ್ಲ.

ಪಾತಿಯ ಲೆಕ್ಕ

ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಹಾಲಕ್ಕಿ ಕೊಪ್ಪದ ಸುತ್ತಲಿನ ಗದ್ದೆಗಳ ರೂಪ ಬದಲಾಗುತ್ತದೆ. ತೇವ ಆರುವ ಮೊದಲೇ ಅಗೆದು ಸಣ್ಣ ಸಣ್ಣ ಪಾತಿ ಮಾಡುತ್ತಾರೆ. ಹಿಂದಿನ ಬೇಸಿಗೆಯಲ್ಲಿ ಗುಡ್ಡದಿಂದ ಗುಡಿಸಿ ತಂದ ದರಕು (ಒಣ ಎಲೆ) ಕೊಟ್ಟಿಗೆಗೆ ಹೋಗಿ, ದನದ ಕಾಲಡಿ ತುಳಿಸಿಕೊಂಡು, ಸೆಗಣಿ ಜೊತೆ ಕೊಳೆತು ಗೊಬ್ಬರವಾಗಿರುತ್ತದೆ. ಅದನ್ನು ಹೊತ್ತು ತರುವವರೂ ಹೆಂಗಸರೇ. ಗದ್ದೆಯ ಮೂಲೆಯಲ್ಲಿ ತೋಡಿದ ಗುಂಡಿಯಲ್ಲಿ ನೀರು. ಎರಡು ಕೈಗೆ ಎರಡು ಕೊಡ. ಇಳಿಯುವುದು, ತುಂಬಿಕೊಳ್ಳುವುದು, ಹತ್ತುವುದು, ಅಂಗೈ ಅಡ್ಡ ಹಿಡಿದು ಚಿಮುಕಿಸಿ ಹಾಕುವುದು. ನೀರು ಒಂದೇ ಕಡೆ ಬಿದ್ದರೆ ಹರಿವೆಯ ಎಳೆ ಬೇರು ಎದ್ದುಬಿಡುತ್ತದೆ. ಅದಕ್ಕೇ ಆ ಅಂಗೈ.

ಇಲ್ಲಿ ಗಮನಿಸಬೇಕಾದ್ದು ಯಾವ ಬೆಳೆ ಯಾವಾಗ ಅನ್ನೋ ಜೋಡಣೆ. ಹರಿವೆ ಮೂರ್ನಾಲ್ಕು ವಾರಕ್ಕೆ ಕೀಳಲು ಬರುತ್ತದೆ. ಮೂಲಂಗಿಗೆ ಒಂದೂವರೆ ತಿಂಗಳು. ಬದನೆ, ಮೆಣಸು ನಿಧಾನ, ಆದರೆ ಒಮ್ಮೆ ಶುರುವಾದರೆ ವಾರ ವಾರ ಕೊಡುತ್ತವೆ. ಬಸಳೆ ಚಪ್ಪರ ಬೇಸಿಗೆ ಪೂರ್ತಿ. ಬದುವಿನಲ್ಲಿ ಒಂದಿಷ್ಟು ಉದ್ದು, ಶೇಂಗಾ. ಅಂದರೆ ಬೀಜ ಹಾಕಿದ ಒಂದು ತಿಂಗಳೊಳಗೆ ಕೈಗೆ ಮೊದಲ ದುಡ್ಡು ಬಂದು, ಆಮೇಲೆ ನಿಲ್ಲದ ಹಾಗೆ ಅವಳು ವ್ಯವಸ್ಥೆ ಮಾಡಿಕೊಂಡಿದ್ದಾಳೆ. ಒಂದು ಬೆಳೆಗೆ ಹುಳ ಬಿದ್ದರೆ ಇನ್ನೊಂದು ಇರುತ್ತದೆ. ಬೀಜ ಮನೆಯದೇ, ಬೂದಿ ಬೆರೆಸಿ ಇಟ್ಟದ್ದು. ಕೃಷಿ ಪುಸ್ತಕದಲ್ಲಿ ಇದಕ್ಕೆಲ್ಲ ದೊಡ್ಡ ದೊಡ್ಡ ಹೆಸರಿವೆ.

ಮಾರಾಟವೂ ಅವಳದೇ. ಬೆಳಗಿನ ಬಸ್ಸು, ತಲೆಮೇಲೆ ಬುಟ್ಟಿ, ಪೇಟೆಯ ರಸ್ತೆ ಬದಿ ಒಂದು ಗೋಣಿಚೀಲ ಹಾಸಿದರೆ ಅಂಗಡಿ. ಹರಿವೆ ಕಟ್ಟಿನ ಲೆಕ್ಕ, ಬದನೆ ಪಾಲಿನ ಲೆಕ್ಕ. ಬೆಳಿಗ್ಗೆ ಒಂದು ದರ, ಮಧ್ಯಾಹ್ನ ಬಸ್ಸಿನ ಹೊತ್ತಿಗೆ ಇನ್ನೊಂದು. ಚೌಕಾಸಿ ಅವಳೇ ಮಾಡುತ್ತಾಳೆ, ದುಡ್ಡು ಸೊಂಟದ ಚೀಲಕ್ಕೆ ಹೋಗುತ್ತದೆ. ಮನೆಗೆ ವಾಪಸ್ ಹೋಗುವಾಗ ಒಣಮೀನು, ಸಾಬೂನು, ಮೊಮ್ಮಗನಿಗೆ ಬಿಸ್ಕಿಟ್ ಯಾರನ್ನೂ ಕೇಳದೆ ಬರುತ್ತವೆ. ಮೊತ್ತ ದೊಡ್ಡದಲ್ಲ. ಆದರೆ ಇದನ್ನು ಖರ್ಚು ಮಾಡುವ ಹಕ್ಕಿನ ಬಗ್ಗೆ ಮನೆಯಲ್ಲಿ ಜಗಳ ಇಲ್ಲ. ಜೀವನೋಪಾಯ ಸುಧಾರಣೆ ಅಂತ ಕಡತದಲ್ಲಿ ಬರೆಯುವವರು ಮೊತ್ತ ನೋಡುತ್ತಾರೆ, ಈ ಹಕ್ಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಇದೇ ದೊಡ್ಡ ಸಂಗತಿ ಅನ್ನಿಸುತ್ತದೆ.

ಈ ವ್ಯಾಪಾರಕ್ಕೆ ಇತ್ತೀಚೆಗೆ ಆದ ದೊಡ್ಡ ಉಪಕಾರ ಕೃಷಿ ಇಲಾಖೆಯಿಂದ ಬಂದದ್ದಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಬಂದದ್ದು. ಹೆಂಗಸರಿಗೆ ಬಸ್ಸು ಪುಕ್ಕಟೆ ಆಯ್ತು ಅಂತ ಟೀಕೆ ಮಾಡಿದವರು ಬಹಳ. ಸೊಪ್ಪು ಮಾರುವವಳಿಗೆ ಹೋಗಿಬರುವ ಟಿಕೆಟ್ಟು ದಿನದ ಲಾಭದಲ್ಲಿ ಒಂದು ದೊಡ್ಡ ತುಂಡು. ಅದು ಉಳಿದರೆ ಹತ್ತಿರದ ಪೇಟೆ ಬಿಟ್ಟು ದೂರದ ಕಾರವಾರದ ರವಿವಾರದ ಸಂತೆಗೂ ಹೋಗಬಹುದು. ಆಗಸ್ಟ್‌ನಿಂದ ಬಂದ ಗೃಹಲಕ್ಷ್ಮಿಯ 2000 ರೂಪಾಯಿಯೂ ಅಷ್ಟೇ. ಬೀಜಕ್ಕೆ, ಬೇಲಿಯ ಬಲೆಗೆ ಯಾರ ಮುಂದೂ ಕೈ ಚಾಚದೆ ಖರ್ಚು ಮಾಡಬಹುದಾದ ಹಣ ಅದು.

ತೊಂದರೆ ಬೇರೆ ಕಡೆಯಿಂದ ಬರುತ್ತಿದೆ. ಹುಬ್ಬಳ್ಳಿ, ಬೆಳಗಾವಿಯಿಂದ ಬರುವ ಲಾರಿ ತರಕಾರಿ ಅಗ್ಗ. ಹೆದ್ದಾರಿ ಚತುಷ್ಪಥವಾದ ಮೇಲೆ ರಸ್ತೆ ಬದಿಯ ಹಳೆ ಜಾಗಗಳು ಎಷ್ಟೋ ಕಡೆ ಹೋದವು. ನಿಂತು ಕೊಳ್ಳುತ್ತಿದ್ದ ಗಿರಾಕಿ ಈಗ ಎಂಬತ್ತರ ವೇಗದಲ್ಲಿ ದಾಟಿ ಹೋಗುತ್ತಾನೆ. ಪೇಟೆಯೊಳಗೆ ಕೂರೋಣ ಅಂದರೆ ಅಂಗಡಿಯವರ ಕಿರಿಕಿರಿ. ಊರಿಗೊಂದು ಹೊಸ ಮಾರುಕಟ್ಟೆ ಕಟ್ಟಡ ಕಟ್ಟಿ ಮಳಿಗೆ ಹರಾಜು ಹಾಕುವುದು ನಮ್ಮಲ್ಲಿ ರೂಢಿ. ಎರಡು ಬುಟ್ಟಿ ಸೊಪ್ಪು ತರುವವಳು ಹರಾಜಿನಲ್ಲಿ ಮಳಿಗೆ ಹಿಡಿಯುತ್ತಾಳಾ? ಬೇಕಾಗಿರುವುದು ಮಾಡು, ನೀರು, ಒಂದು ಶೌಚಾಲಯ ಇರುವ ಕಟ್ಟೆ. ಬೆಳಗಿನಿಂದ ಮಧ್ಯಾಹ್ನದ ತನಕ ಮೂತ್ರಕ್ಕೆ ಹೋಗಲಾರದೆ ನೀರನ್ನೇ ಕುಡಿಯದೆ ಕೂರುವ ಹೆಂಗಸರ ಬಗ್ಗೆ ಯಾವ ಯೋಜನಾ ವರದಿಯಲ್ಲೂ ನಾನು ಓದಿಲ್ಲ.

ಅಡಿಕೆಯ ಆಸೆ

'ಸೊಪ್ಪು ಬಿಟ್ಟು ಅಡಿಕೆ ಹಾಕಿ, ಉದ್ಧಾರ ಆಗ್ತೀರಿ' ಅನ್ನೋ ಸಲಹೆ ಈಗ ಎಲ್ಲ ಕಡೆ ಕೇಳುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟ ನೋಡಿದವರಿಗೆ ಆಸೆ ಆಗುವುದು ಸಹಜ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಸಿದ್ದಿ ಕುಟುಂಬಗಳೂ ಈಗ ಮನೆ ಹಿಂದಿನ ಅರ್ಧ ಎಕರೆ, ಒಂದು ಎಕರೆಯಲ್ಲಿ ಸಸಿ ನೆಡುತ್ತಿವೆ.

ಕುಟುಂಬದ ಆದಾಯ ಅಂತ ನೋಡಿದರೆ ಇದು ಸರಿ ಇರಬಹುದು. ಹೆಂಗಸಿನ ಆದಾಯ ಅಂತ ನೋಡಿದರೆ ಲೆಕ್ಕ ಬದಲಾಗುತ್ತದೆ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯಬೇಕು. ಅಷ್ಟು ದಿನ ಬೇಸಿಗೆ ನೀರು ಅದಕ್ಕೆ ಹೋಗುತ್ತದೆ, ತರಕಾರಿ ಪಾತಿಗೆ ಹೋಗುತ್ತಿದ್ದ ಅದೇ ನೀರು. ಮೊದಲೆರಡು ವರ್ಷ ಸಾಲಿನ ನಡುವೆ ಏನಾದರೂ ಬೆಳೆಯಬಹುದು, ನೆರಳು ಬಿದ್ದ ಮೇಲೆ ಅದೂ ಕಷ್ಟ. ಫಸಲು ಬಂದಾಗ ಹೆಂಗಸಿನ ಪಾಲಿನ ಕೆಲಸ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವುದು, ಬೇಯಿಸುವುದು, ಅಟ್ಟದ ಮೇಲೆ ಒಣಗಿಸುವುದು. ಮಾರುವುದು ಸಹಕಾರಿ ಸಂಘದ ಅಂಗಳದಲ್ಲಿ, ಟೆಂಡರಿನಲ್ಲಿ. ಸಂಘದ ಷೇರು ಪಹಣಿ ಇದ್ದವನ ಹೆಸರಲ್ಲಿ, ಹಣ ಅವನ ಖಾತೆಗೆ. ಗಂಡ ಒಳ್ಳೆಯವನಾದರೆ ಸರಿ, ಇಲ್ಲದಿದ್ದರೆ ಇಲ್ಲ. ಮೂರು ಕಾಸಿನ ಸೊಪ್ಪಿನಲ್ಲಿ ಇದ್ದ ಹಿಡಿತ ಮೂರು ಲಕ್ಷದ ಅಡಿಕೆಯಲ್ಲಿ ಇರುವುದಿಲ್ಲ.

ರೋಗದ ಭಯ ಬೇರೆ. ಮಳೆಗಾಲದ ಕೊಳೆ ಹಳೆಯ ಶತ್ರು. ಈಗ ಎಲೆಚುಕ್ಕಿ ರೋಗ ಘಟ್ಟದ ತೋಟಗಳನ್ನು ಹಣ್ಣು ಮಾಡಿಟ್ಟಿದೆ. ಹತ್ತು ಎಕರೆ ಇದ್ದವರು ಒಂದು ವರ್ಷದ ನಷ್ಟ ತಡೆದುಕೊಂಡಾರು, ಅರ್ಧ ಎಕರೆಯವರು ಮತ್ತೆ ಅವರದೇ ತೋಟಕ್ಕೆ ಕೂಲಿಗೆ ಹೋಗಬೇಕು. ಅಡಿಕೆ ನೆಡಬೇಡಿ ಅನ್ನೋಕೆ ನಾನ್ಯಾರು? ನೆಡುವವರು ಪಾತಿಯ ನೀರನ್ನು ಉಳಿಸಿಕೊಂಡು ನೆಡಲಿ, ಸಂಘದ ಷೇರನ್ನು ಹೆಂಡತಿ ಹೆಸರಲ್ಲೂ ಮಾಡಿಸಲಿ ಅನ್ನೋದಷ್ಟೇ ಮಾತು.

1930ರ ಕಾಗದ ಎಲ್ಲಿಂದ ತರೋದು?

ಈಗ ನೆಲದ ವಿಷಯ. ಜಿಲ್ಲೆಯ ವಿಸ್ತೀರ್ಣ 10 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ. ಅದರಲ್ಲಿ ಬಹುಪಾಲು ದಾಖಲೆಯಲ್ಲಿ ಅರಣ್ಯ. ಹಾಗಾಗಿ ಬಡವರು ಸಾಗುವಳಿ ಮಾಡುವ ನೆಲ ಬಹಳಷ್ಟು ಕಡೆ ಕಡತದ ಭಾಷೆಯಲ್ಲಿ 'ಅತಿಕ್ರಮಣ'. ಇದೇ ಕಾಡಿನಲ್ಲಿ ಅಡಿಕೆ ತೋಟದವರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು, ದರಕು ತರುವ ಕಾಡು) ಸೌಲಭ್ಯ ಇದೆ, ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ. ಅದು ದಾಖಲೆಯಲ್ಲಿ ಹಕ್ಕಿನ ಹಾಗೆ ನಿಂತಿದೆ. ಅದೇ ಬ್ರಿಟಿಷರು ಕಾಡು ಸುಟ್ಟು ಬೆಳೆಯುತ್ತಿದ್ದ ಕುಮರಿ ಬೇಸಾಯಕ್ಕೆ ಕಡಿವಾಣ ಹಾಕಿದರು. ಕುಣಬಿಗಳಂಥವರ ಸಾಗುವಳಿ ಅಂದಿನಿಂದ ತಪ್ಪಿನ ಪಟ್ಟಿಗೆ ಸೇರಿತು. ತೋಟ ಇದ್ದವರ ಕಾಡು ಮತ್ತು ಕಾಡಲ್ಲೇ ಇದ್ದವರ ಕಾಡು ಎರಡಕ್ಕೂ ಎರಡು ನ್ಯಾಯ ಆಯಿತು.

ಇದನ್ನು ಸರಿಪಡಿಸಬೇಕು ಅಂತಲೇ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. 2008ರಿಂದ ಜಾರಿ. ಈ ಕಾಯ್ದೆಯಲ್ಲಿ ಹೆಂಗಸರ ಪಾಲಿಗೆ ಚಿನ್ನದಂಥ ಒಂದು ಸಾಲಿದೆ. ಮದುವೆಯಾದವರಿಗೆ ಕೊಡುವ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ಇರಬೇಕು. ಒಂಟಿ ಹೆಂಗಸು ಕುಟುಂಬದ ಯಜಮಾನಿಯಾಗಿದ್ದರೆ ಅವಳ ಹೆಸರಲ್ಲೇ. ಮಿತಿ 4 ಹೆಕ್ಟೇರು, ಮಾರುವಂತಿಲ್ಲ, ಮಕ್ಕಳಿಗೆ ಹೋಗುತ್ತದೆ. ದೇಶದಲ್ಲಿ ಹೆಂಗಸರ ಕೈಯಲ್ಲಿರುವ ಸಾಗುವಳಿ ಹಿಡುವಳಿಗಳು 2015-16ರ ಕೃಷಿ ಗಣತಿ ಪ್ರಕಾರ ನೂರಕ್ಕೆ ಸುಮಾರು 14. ಅಂಥಲ್ಲಿ ಕಾನೂನೇ ಹೆಂಡತಿಯ ಹೆಸರು ಬರೆಯಿರಿ ಅನ್ನುವುದು ಸಣ್ಣ ಮಾತಲ್ಲ.

ಸಮಸ್ಯೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿಯಲ್ಲಿದ್ದರೆ ಸಾಕು. ಪಂಗಡದ ಪಟ್ಟಿಯಲ್ಲಿ ಇಲ್ಲದವರು 'ಇತರ ಪಾರಂಪರಿಕ ಅರಣ್ಯವಾಸಿಗಳು'. ಇವರು ಆ ದಿನಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ಇದ್ದದ್ದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ನಿಲ್ಲುತ್ತದೆ. ಪಕ್ಕಪಕ್ಕದ ಕೇರಿಯಲ್ಲಿರುವ ಸಿದ್ದಿ ಹೆಂಗಸಿಗೆ 2005ರ ಸಾಕ್ಷಿ ಸಾಕು, ಹಾಲಕ್ಕಿ ಹೆಂಗಸಿಗೆ 1930ರದ್ದು ಬೇಕು. ನಿಯಮದಲ್ಲಿ ಹಿರಿಯರ ಹೇಳಿಕೆ, ಹಳೆ ಬಾವಿ, ಸಮಾಧಿ, ದೇವರ ಕಲ್ಲು, ಗೆಜೆಟಿಯರ್ ಎಲ್ಲವನ್ನೂ ಸಾಕ್ಷಿಯಾಗಿ ಒಪ್ಪಬಹುದು ಅಂತ ಇದೆ. ಇಂಥದ್ದೇ ದಾಖಲೆ ಬೇಕು ಅಂತ ಹಟ ಹಿಡಿಯುವಂತಿಲ್ಲ. ಆದರೂ ಜಿಲ್ಲೆಯಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ದೊಡ್ಡ ಪಾಲು ತಿರಸ್ಕೃತವಾಗಿದೆ. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತರನ್ನು ತೆರವು ಮಾಡಿ ಅಂದಾಗ ಇಡೀ ಮಲೆನಾಡು ಬೆಚ್ಚಿತ್ತು. ಎರಡು ವಾರದಲ್ಲಿ ಆ ಆದೇಶಕ್ಕೆ ತಡೆ ಬಂತು. ಭಯ ಇನ್ನೂ ಹೋಗಿಲ್ಲ.

ಹಕ್ಕುಪತ್ರ ಇಲ್ಲದಿದ್ದರೆ ಏನಾಗುತ್ತದೆ? ಇಲ್ಲಿಗೆ ಬಂದರೆ ಎಲ್ಲ ದಾರಿಯೂ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಸಹಕಾರಿ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲದ ಬೆಳೆ ಸಾಲ ಸಿಗುತ್ತದೆ, ಪಹಣಿ ಇದ್ದರೆ. ಪಿಎಂ ಕಿಸಾನ್ ವರ್ಷಕ್ಕೆ 6000 ಬರುತ್ತದೆ, ನೆಲ ಹೆಸರಲ್ಲಿದ್ದರೆ. ಬೆಳೆ ಹಾನಿ ಪರಿಹಾರ ಖಾತೆಗೇ ಜಮಾ ಆಗುತ್ತದೆ, ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಇದ್ದರೆ. ಆ ಐಡಿ ಆಗುವುದು ಪಹಣಿಯ ಸರ್ವೆ ನಂಬರಿನಿಂದ. ಅರಣ್ಯ ಹಕ್ಕುಪತ್ರ ಸಿಕ್ಕವರಿಗೂ ಅದು ಪಹಣಿಗೆ ಏರದಿದ್ದರೆ ಅದೇ ಕತೆ. ದಿನವಿಡೀ ಗದ್ದೆಯಲ್ಲಿರುವವಳು ಕಂಪ್ಯೂಟರಿನ ಮಟ್ಟಿಗೆ ರೈತಳೇ ಅಲ್ಲ.

ಪಂಗಡದ ಪಟ್ಟಿಯೇ ಹೆಂಗಸರಿಗೆ ಎಲ್ಲ ಕೊಟ್ಟುಬಿಡುತ್ತದೆ ಅಂತಲೂ ಅಂದುಕೊಳ್ಳಬೇಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 2(2) ಪ್ರಕಾರ ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು ಆ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಕರ್ನಾಟಕ 1994ರಲ್ಲೇ, ಇಡೀ ದೇಶ 2005ರಲ್ಲಿ ಹೆಣ್ಣುಮಕ್ಕಳಿಗೆ ಕೊಟ್ಟ ಸಮಪಾಲು ಹಿಂದೂ ಸಿದ್ದಿ ಮನೆಯ ಮಗಳಿಗೆ ಆ ಕಾಯ್ದೆಯಿಂದ ತಾನಾಗಿ ಬರುವುದಿಲ್ಲ. ಸಮುದಾಯದ ರೂಢಿ ಏನು ಹೇಳುತ್ತದೆ ಅನ್ನುವುದೇ ಮುಖ್ಯವಾಗುತ್ತದೆ. 2025ರ ಜುಲೈನಲ್ಲಿ ಗೊಂಡ ಸಮುದಾಯದ ಕುಟುಂಬವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬುಡಕಟ್ಟಿನ ಹೆಂಗಸಿನ ವಾರಸುದಾರರಿಗೆ ಸಮಪಾಲು ಕೊಟ್ಟಿತು. ಹೆಣ್ಣು ಅನ್ನೋ ಕಾರಣಕ್ಕೆ ಪಾಲು ತಪ್ಪಿಸುವುದು ಸಮಾನತೆಗೆ ವಿರುದ್ಧ ಅಂದಿತು. ಒಳ್ಳೆಯ ತೀರ್ಪು. ಆದರೆ ಅಣ್ಣನ ಜೊತೆ ಪಾಲಿಗಾಗಿ ಕೋರ್ಟಿಗೆ ಹೋಗುವ ಸಿದ್ದಿ ಹೆಣ್ಣುಮಗಳು ಎಷ್ಟು ಜನ ಸಿಕ್ಕಾರು? ಅದಕ್ಕೇ ಹಕ್ಕುಪತ್ರ ಕೊಡುವಾಗಲೇ ಎರಡು ಹೆಸರು ಬರೆಯುವುದು ಅಷ್ಟು ಮುಖ್ಯ. ಆಮೇಲೆ ಸೇರಿಸೋಣ ಅಂದರೆ ಆಗುವ ಕೆಲಸ ಅಲ್ಲ.

ಪಹಣಿ ಇಲ್ಲದವರಿಗೆ ಸಾಲ ಸಿಗೋದೇ ಇಲ್ಲ ಅಂತಲ್ಲ. ಸಿಗುತ್ತದೆ, ಮನೆ ಬಾಗಿಲಿಗೇ ಬರುತ್ತದೆ. ಸ್ವಸಹಾಯ ಸಂಘದ ಸಾಲ, ಮೈಕ್ರೋ ಫೈನಾನ್ಸ್ ಸಾಲ. ನೆಲ ಇದ್ದವರಿಗೆ ಬಡ್ಡಿ ಸೊನ್ನೆ, ನೆಲ ಇಲ್ಲದವಳಿಗೆ ಬಡ್ಡಿ ಎರಡಂಕಿ. ವಸೂಲಿ ಕಿರುಕುಳ ಎಷ್ಟು ಹೆಚ್ಚಿತು ಅಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಸಲಿ ತೊಡಕು ಕಂತಿನ ರೂಪದಲ್ಲಿದೆ. ವಾರಕ್ಕೋ ತಿಂಗಳಿಗೋ ಕಂತು ಕಟ್ಟಬೇಕು. ತರಕಾರಿ ದುಡ್ಡು ಬರುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಜುಲೈ ತಿಂಗಳಲ್ಲಿ ಹೊರಗೆ ಹೆಜ್ಜೆ ಇಡಲಾಗದ ಮಳೆ, ಕಂತು ಮಾತ್ರ ನಿಲ್ಲುವುದಿಲ್ಲ. ಆಗ ಒಂದು ಸಂಘದ ಸಾಲ ತಂದು ಇನ್ನೊಂದಕ್ಕೆ ಕಟ್ಟುವುದು ಶುರು.

ಮಳೆಗಾಲದ ಹಣ್ಣು, ಮಾಗಿಯ ಗೆಡ್ಡೆ

ಮಳೆಗಾಲದ ಆದಾಯಕ್ಕೆ ಘಟ್ಟದ ಹೆಂಗಸರು ನಂಬಿದ್ದು ಕಾಡನ್ನು. ಉಪ್ಪಾಗೆ ಅನ್ನೋ ಕಾಡಿನ ಹುಳಿಹಣ್ಣನ್ನೇ ನೋಡಿ. ಹಣ್ಣು ಆಗುವುದು ಜೂನ್‌ನಿಂದ ಆಗಸ್ಟ್, ಬಿಸಿಲು ಮುಖ ತೋರಿಸದ ಕಾಲ. ಆರಿಸಿ ತರಬೇಕು, ಬೀಜ ತೆಗೆಯಬೇಕು, ಸಿಪ್ಪೆಯನ್ನು ಒಲೆ ಮೇಲಿನ ಅಟ್ಟದಲ್ಲಿ ಹರಡಿ ಕಪ್ಪಾಗುವ ತನಕ ಹೊಗೆಯಲ್ಲಿ ಒಣಗಿಸಬೇಕು. ರಾತ್ರಿ ಎದ್ದು ಬೆಂಕಿ ನೋಡಬೇಕು. ಸೌದೆ ರಾಶಿ ರಾಶಿ ಬೇಕು, ಕಣ್ಣು ಉರಿ ಬೇರೆ. ಇಷ್ಟು ಮಾಡಿದ ಮೇಲೆ ದರ ನಿಗದಿ ಮಾಡುವವನು ವ್ಯಾಪಾರಿ. ತೂಕ ಇಳಿಸುವ ಮಾತ್ರೆಗೆ ಉಪ್ಪಾಗೆ ಬೇಕು ಅಂತ ಹೊರದೇಶದಲ್ಲಿ ಬೇಡಿಕೆ ಎದ್ದಾಗ ದರ ಏರಿತು. ಯಾರು ಮೊದಲು ಕೊಯ್ಯುತ್ತಾರೆ ಅಂತ ಪೈಪೋಟಿ ಬಿದ್ದು ಕಾಯಿ ಇರುವಾಗಲೇ ಕೊಂಬೆ ಕಡಿದದ್ದೂ ಉಂಟು. ಬೇಡಿಕೆ ಇಳಿದಾಗ ಚೀಲಗಟ್ಟಲೆ ಸಿಪ್ಪೆ ಅಟ್ಟದಲ್ಲೇ ಉಳಿಯಿತು.

ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನೂ ಕೊಡುತ್ತದೆ. ವ್ಯಕ್ತಿಯ ಜಮೀನಿನ ಹಕ್ಕಿನ ಬಗ್ಗೆ ನಮ್ಮಲ್ಲಿ ಎಷ್ಟು ಹೋರಾಟ ಆಗಿದೆಯೋ ಅದರ ಕಾಲು ಭಾಗವೂ ಈ ಸಮುದಾಯ ಹಕ್ಕಿನ ಬಗ್ಗೆ ಆಗಿಲ್ಲ. ಹೆಂಗಸರ ದೃಷ್ಟಿಯಿಂದ ಇದು ನಷ್ಟ, ಯಾಕಂದರೆ ಉಪ್ಪಾಗೆ, ಮುರುಗಲು, ವಾಟೆಹುಳಿ, ಸೀಗೆ, ಅಂಟುವಾಳ ಆರಿಸುವವರು ಹೆಚ್ಚಾಗಿ ಅವರೇ. 2018ರಲ್ಲಿ ಶುರುವಾದ ವನ್ ಧನ್ ಯೋಜನೆ ಸ್ವಸಹಾಯ ಸಂಘಗಳನ್ನು ಸೇರಿಸಿ ಕಾಡಿನ ಉತ್ಪನ್ನ ಸಂಸ್ಕರಿಸಿ ಮಾರಲು ಸುಮಾರು 300 ಜನರಿಗೆ ಒಂದು ಕೇಂದ್ರ ಅಂತ ಲೆಕ್ಕ ಹಾಕಿದೆ. ಯೋಚನೆ ಚೆನ್ನಾಗಿದೆ. ಕೇಂದ್ರ ನಡೆಯಬೇಕಾದರೆ ಜೂನ್‌ನಲ್ಲೇ ಕೈಗೆ ಹಣ ಕೊಟ್ಟು ಕೊಳ್ಳುವ ಶಕ್ತಿ ಬೇಕು. ವ್ಯಾಪಾರಿ ಗೆಲ್ಲುವುದು ಅಲ್ಲೇ. ಅವನು ಅಕ್ಕಿ ಸಾಮಾನಿಗೆ ಮುಂಗಡ ಕೊಟ್ಟಿರುತ್ತಾನೆ.

ಜೋಯಿಡಾದ ಕುಣಬಿಗಳ ಗೆಡ್ಡೆಗಳ ಕತೆ ಇದಕ್ಕಿಂತ ಸ್ವಲ್ಪ ಆಶಾದಾಯಕ. ಮುಡ್ಲಿಯಂಥ ಗೆಡ್ಡೆಗಳನ್ನು ಮಳೆಗೆ ಮೊದಲು ಹಿತ್ತಲಲ್ಲಿ ಊರಿ, ಮಾಗಿಯ ಚಳಿಯಲ್ಲಿ ಅಗೆದು ತೆಗೆಯುತ್ತಾರೆ. ಕೆಲವು ಮಗುವಿನ ತೂಕ ಇರುತ್ತವೆ. ಹಿಂದೆ ಇದು ಮನೆ ಊಟದ ಮಾಲು, ಬಡತನದ ಗುರುತು ಅಂತ ಮುಚ್ಚಿಡುತ್ತಿದ್ದದ್ದು. ಜೋಯಿಡಾದಲ್ಲಿ ಜನವರಿಯ ಗೆಡ್ಡೆ ಗೆಣಸು ಮೇಳ ಶುರುವಾದ ಮೇಲೆ ಜನ ಹುಡುಕಿಕೊಂಡು ಬರುತ್ತಾರೆ. ಹೆಂಗಸರು ತಮ್ಮ ಗೆಡ್ಡೆ ಮುಂದೆ ತಾವೇ ಕೂತು, ಬೇಯಿಸುವ ಕ್ರಮ ಹೇಳಿ ಮಾರುತ್ತಾರೆ. ತಳಿ, ಜ್ಞಾನ, ಮಾರಾಟ ಮೂರೂ ಒಂದೇ ಕೈಯಲ್ಲಿ ಉಳಿದಿದೆ. ಶಿರಸಿಯ ವನಸ್ತ್ರೀ ಸಂಸ್ಥೆ 2001ರಿಂದ ಬೀಜದ ವಿಷಯದಲ್ಲಿ ಮಾಡುತ್ತಿರುವುದೂ ಇಂಥದ್ದೇ ಕೆಲಸ. ಹಿತ್ತಲಿನ ಬೀಜವನ್ನು ಹೆಂಗಸರೇ ಉಳಿಸಿ, ಹಂಚಿ, ಮಲೆನಾಡು ಮೇಳದಲ್ಲಿ ಮಾರುತ್ತಾರೆ. ಆದರೆ ಮೇಳ ಒಂದೆರಡು ದಿನದ್ದು. ಉಳಿದ ದಿನ ಐದು ಕಿಲೋ, ಹತ್ತು ಕಿಲೋ ತಂದರೂ ಕೊಳ್ಳುವವರು ಬೇಕು. ಶಿರಸಿಯ ಕದಂಬ ಮಾರ್ಕೆಟಿಂಗ್‌ನಂಥ ಸಹಕಾರಿಗಳು ಮುರುಗಲು, ಹಲಸು ಅಂತ ತೋಟಿಗರ ಸಣ್ಣಪುಟ್ಟ ಮಾಲಿಗೆ ಮಾರುಕಟ್ಟೆ ಮಾಡಿ ತೋರಿಸಿವೆ. ಅದೇ ದಾರಿ ಜೋಯಿಡಾದ ಕಾಡೂರುಗಳ ತನಕ ಬರಬೇಕು.

ಜೋಯಿಡಾದ ಬಹಳಷ್ಟು ಕುಣಬಿ ಊರುಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಲ್ಲವೇ ಅಂಚಿನಲ್ಲಿವೆ. ಹೊರಗೆ ಬಂದರೆ ಕುಟುಂಬಕ್ಕೆ 15 ಲಕ್ಷ, ಮೊದಲು 10 ಇತ್ತು. ರಸ್ತೆ ಇಲ್ಲದ, ಆಸ್ಪತ್ರೆ ಇಲ್ಲದ ಊರಿನವರು ಒಪ್ಪಿದರೆ ತಪ್ಪು ಹುಡುಕಲು ಆಗುವುದಿಲ್ಲ. ಆದರೆ ಹಿತ್ತಿಲಿನ ಇಷ್ಟೊಂದು ಗೆಡ್ಡೆ ತಳಿಗೆ, ಕಾಡಿನ ಸಂಗ್ರಹಕ್ಕೆ ಆ ಲೆಕ್ಕದಲ್ಲಿ ಬೆಲೆ ಕಟ್ಟಿದ್ದು ಕಾಣುವುದಿಲ್ಲ. ಹೊಸ ಜಾಗದಲ್ಲಿ ಗಂಡಸಿಗೆ ಕೂಲಿಯಾದರೂ ಸಿಗುತ್ತದೆ, ಹೆಂಗಸಿನ ಸ್ವಂತ ಆದಾಯ ಸೊನ್ನೆಯಿಂದ ಶುರುವಾಗಬೇಕು.

ನೀರು ಬಂದ ಮೇಲೆ

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ಗೊತ್ತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಹಾಲಕ್ಕಿ ಕೇರಿಗೆ ನುಗ್ಗಿತು. ಮನೆಗಳೇ ಹೋದವು. 2019ರ ನೆರೆಯಲ್ಲೂ ಕಾಳಿ, ಗಂಗಾವಳಿ ದಡದ ಗದ್ದೆಗಳು ಮುಳುಗಿದ್ದವು. ಮನೆ ಹಾನಿಗೆ ಪರಿಹಾರದ ಕ್ರಮ ಇದೆ, ಪಹಣಿ ಇರುವ ಬೆಳೆಗೂ ಇದೆ. ಕೊಚ್ಚಿಹೋದ ಬೀಜದ ಮಡಕೆಗೆ, ಬಸಳೆ ಚಪ್ಪರಕ್ಕೆ, ಗೇಣಿಗೆ ಹಿಡಿದ ತುಂಡು ಗದ್ದೆಗೆ ಕಾಲಂ ಇಲ್ಲ.

ಉಪ್ಪುನೀರು ಕೂಡ ಹೊಳೆಬಾಯಲ್ಲಿ ಒಳಗೆ ಬರುತ್ತಿದೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಇದಕ್ಕೆ ಹಿಂದಿನವರ ಉತ್ತರ ಕಗ್ಗ ಭತ್ತ. ಉಪ್ಪು ತಡೆಯುವ ತಳಿ, ಗೊಬ್ಬರ ಬೇಡ. ಮಾಣಿಕಟ್ಟೆ ಕಡೆ ಹೆಂಗಸರು ಸೊಂಟಮಟ್ಟದ ನೀರಲ್ಲಿ ನಿಂತು ಕೊಯ್ಯುತ್ತಿದ್ದ ಬೆಳೆ. ಸಿಗಡಿ ಸಾಕಲು ಗಜನಿಯನ್ನು ಲೀಸಿಗೆ ಕೊಡುವುದು ಶುರುವಾದ ಮೇಲೆ ಕಗ್ಗ ಹಿಂದೆ ಬಿತ್ತು. ಲೀಸಿನ ಹಣ ಪಹಣಿ ಇದ್ದವರಿಗೆ ಬಂತು. ಕೊಯ್ಲಿನ ಕೂಲಿ ಭತ್ತ, ಹುಲ್ಲು ಹೆಂಗಸರ ಕೈ ತಪ್ಪಿತು. ಅಡಿಕೆಯಲ್ಲಿ ಆಗುವುದೇ ಇಲ್ಲೂ ಆಯಿತು.

ಹಾಗಾದರೆ ಏನು ಮಾಡಬಹುದು? ಪಂಗಡದ ಪಟ್ಟಿಯ ತೀರ್ಮಾನ ದೆಹಲಿಯಲ್ಲಿ ಆಗಬೇಕು, ಅದು ಯಾವಾಗಲೋ. ಅದಕ್ಕೆ ಕಾಯದೆ ಇಲ್ಲೇ ಆಗುವಂಥ ಕೆಲಸಗಳಿವೆ. ತಿರಸ್ಕೃತ ಅರ್ಜಿ ಮತ್ತೆ ನೋಡುವಾಗ ಹಿರಿಯರ ಹೇಳಿಕೆಯನ್ನು ನಿಯಮದಲ್ಲಿ ಇರುವಂತೆ ಸಾಕ್ಷಿಯಾಗಿ ತೆಗೆದುಕೊಳ್ಳುವುದು ಜಿಲ್ಲೆಯ ಅಧಿಕಾರಿಗಳ ಕೈಯಲ್ಲೇ ಇದೆ. ಪಹಣಿ ಇಲ್ಲದ ಸಾಗುವಳಿದಾರಳಿಗೆ ಗ್ರಾಮ ಪಂಚಾಯಿತಿಯ ದೃಢೀಕರಣದ ಮೇಲೆ ಸಣ್ಣ ಬೆಳೆ ಸಾಲ ಕೊಡಲು ಸಹಕಾರಿ ಸಂಘಗಳು ಮನಸ್ಸು ಮಾಡಬಹುದು, ಕಂತನ್ನು ಡಿಸೆಂಬರಿನಿಂದ ಮೇ ತಿಂಗಳಿಗೆ ಹೊಂದಿಸಬಹುದು. ಉಪ್ಪಾಗೆಗೆ ಕಡಿಮೆ ಸೌದೆ ಸುಡುವ, ಹೊಗೆ ಹೊರಹಾಕುವ ಒಣಗಿಸುವ ಒಲೆ ಊರಿಗೊಂದು ಹಾಕಲು ದೊಡ್ಡ ಖರ್ಚಿಲ್ಲ. ಪಟ್ಟಣ ಪಂಚಾಯಿತಿ, ಪುರಸಭೆಗಳು ಮಳಿಗೆ ಹರಾಜಿನ ಜೊತೆಗೆ ದಿನದ ಸುಂಕದ ಕಟ್ಟೆಯೊಂದನ್ನು ಮಾಡಿಟ್ಟರೆ ಸಾಕು.

ಮತ್ತೊಂದು ಕೆಲಸಕ್ಕೆ ಖರ್ಚೇ ಇಲ್ಲ. ಅರಣ್ಯ ಹಕ್ಕಿನ ನಿಯಮಗಳ ಪ್ರಕಾರ ಗ್ರಾಮಸಭೆ ನೇಮಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಹಕ್ಕಿನ ತೀರ್ಮಾನ ಮಾಡುವ ಗ್ರಾಮಸಭೆಗೆ ಸದಸ್ಯರಲ್ಲಿ ಅರ್ಧದಷ್ಟಾದರೂ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಆಗಿರಬೇಕು. ಸಭೆಯನ್ನು ಬೆಳಿಗ್ಗೆ 11ಕ್ಕೆ ಕರೆದರೆ ಅವರು ಪೇಟೆಯಲ್ಲಿ ಗೋಣಿಚೀಲದ ಮುಂದೆ ಇರುತ್ತಾರೆ. ಸಂಜೆ 4ರ ಮೇಲೆ ಕರೆಯಿರಿ. ಹಾಜರಿ ಪುಸ್ತಕವನ್ನು ಮಾರನೇ ದಿನ ಮನೆ ಮನೆಗೆ ಕಳಿಸಿ ಹೆಬ್ಬೆಟ್ಟು ಹಾಕಿಸುವ ರೂಢಿ ಇದ್ದಲ್ಲಿ ಅದನ್ನು ನಿಲ್ಲಿಸಿ.